ಕೊನೆಯ ಸಾಲಿನಲ್ಲಿ ಕೂತು ಆರಿಸಿದ ವ್ಯಾನು

ಮೈಸೂರಿನಲ್ಲಿ ಟ್ರಾವೆಲ್ಸ್ ನಡೆಸುವವರಿಗೆ ಟೆಂಪೊ ಟ್ರಾವೆಲರ್, ನಮ್ಮ ಬಾಯಲ್ಲಿ ಟಿಟಿ, ಅಂದರೆ ಅನ್ನ ಕೊಟ್ಟ ಗಾಡಿ. ನನಗೂ ಅಷ್ಟೇ. ಆದರೆ ಕೆಲವು ವರ್ಷಗಳಿಂದ ಫೋನಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರತೊಡಗಿತು. "ಟಿಟಿ ಬೇಡ ಸಾರ್, ಅದಕ್ಕಿಂತ ಒಳ್ಳೇದು ಏನಿದೆ?" ಡಿಸೆಂಬರಿನಲ್ಲಿ ಅಮೆರಿಕದಿಂದ ಬರುವ ಮಕ್ಕಳು, ಅವರ ಜೊತೆ ಊರಿನ ಅಪ್ಪ ಅಮ್ಮ. ಬೆಂಗಳೂರಿನ ಕಂಪನಿಗಳ ಅತಿಥಿಗಳು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅವನ್ನು ನಿಧಾನವಾಗಿ ನೋಡಬೇಕು ಅನ್ನುವವರೂ ನನ್ನಲ್ಲಿ ಜಾಸ್ತಿಯಾದರು. ಇವರೆಲ್ಲ ದುಡ್ಡು ಕೊಡಲು ತಯಾರಿದ್ದರು. ಕೊಡಲು ನನ್ನ ಹತ್ತಿರ ಗಾಡಿ ಇರಲಿಲ್ಲ.

ಶೋರೂಮಿಗೆ ಹೋಗುವ ಮೊದಲು ನಾನು ಮಾಡಿದ ಕೆಲಸ ಬುಕಿಂಗ್ ಡೈರಿ ತೆಗೆದದ್ದು. ಕೈತಪ್ಪಿದ ಪಾರ್ಟಿಗಳ ಮೇಲೆ ಗುರುತು ಹಾಕಿದೆ. ಎಷ್ಟು ಜನ, ಎಲ್ಲಿಗೆ, ಎಷ್ಟು ಲಗೇಜು. ನೋಡಿದರೆ ಹೆಚ್ಚಿನವರು ಎಂಟರಿಂದ ಹನ್ನೊಂದು ಜನ. ಒಳಗೆ ಒಬ್ಬರಿಗೋ ಇಬ್ಬರಿಗೋ ಮಂಡಿ ನೋವು. ವಿಮಾನ ಇಳಿದು ಬರುವವರಾದರೆ ತಲೆಗೊಂದು ದೊಡ್ಡ ಸೂಟ್‌ಕೇಸು. ಹದಿನೇಳು ಜನ ತುಂಬಿಕೊಂಡು ಹೋಗುವವರು ಲಕ್ಸುರಿ ಕೇಳುವುದೇ ಇಲ್ಲ, ಅವರು ದರ ಕೇಳುತ್ತಾರೆ. ಇದು ಗೊತ್ತಾದ ಮೇಲೆ ಅರ್ಧ ಕೆಲಸ ಮುಗಿಯಿತು. ನನಗೆ ಬೇಕಾದದ್ದು ಕಡಿಮೆ ಸೀಟು, ಜಾಸ್ತಿ ಜಾಗ.

ಯಾವ ಯಾವ ಗಾಡಿ ನೋಡಿದೆ ಅಂತ ಬೇಗ ಹೇಳಿಬಿಡುತ್ತೇನೆ. ಕಿಯಾ ಕಾರ್ನಿವಲ್, ಮರ್ಸಿಡಿಸ್ ವಿ-ಕ್ಲಾಸ್ ಎರಡೂ ಚೆಂದ. ಆದರೆ ಅವು ಆರು, ಏಳು ಜನರ ಗಾಡಿಗಳು. ನನ್ನ ಪಾರ್ಟಿಗೆ ಸಾಲದು. ಟೊಯೊಟಾ ಹೈಏಸ್ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಅದು ಹೊರದೇಶದಿಂದ ಬರುವ ಗಾಡಿ, ಬೆಲೆ ನನ್ನ ಲೆಕ್ಕಕ್ಕೆ ಎಟುಕಲಿಲ್ಲ. ದಸರಾ ಸಮಯದಲ್ಲಿ ಒಂದು ಗಾಜು ಒಡೆದು ಅದು ಬರುವ ತನಕ ಗಾಡಿ ಶೆಡ್ಡಿನಲ್ಲಿ ನಿಂತರೆ ಆ ವರ್ಷದ ಲಾಭ ಅಲ್ಲೇ ಹೋಯಿತು. ಟಾಟಾ ವಿಂಗರ್ ಮುಂದಿನ ಚಕ್ರಕ್ಕೆ ಎಳೆತ ಇರುವ ಗಾಡಿ. ಹಾಗಾಗಿ ನೆಲ ತಗ್ಗು, ಹತ್ತಲು ಸುಲಭ. 2025ರಲ್ಲಿ ಒಂಬತ್ತು ಸೀಟಿನ ವಿಂಗರ್ ಪ್ಲಸ್ ಬಂದಾಗ ಅದನ್ನು ಗಂಭೀರವಾಗಿಯೇ ನೋಡಿದೆ. ಚಿಕ್ಕ ಕುಟುಂಬದ ಕೆಲಸ ಜಾಸ್ತಿ ಇರುವವರಿಗೆ ಒಳ್ಳೆಯ ಆಯ್ಕೆ. ನನ್ನ ಡೈರಿಯ ಹನ್ನೊಂದು ಜನಕ್ಕೆ ಅದು ಹೊಂದಲಿಲ್ಲ.

ಕೊನೆಗೆ ಉಳಿದದ್ದು ಫೋರ್ಸ್ ಅರ್ಬೇನಿಯಾ. ಟಿಟಿ ಮಾಡುವ ಕಂಪನಿಯದ್ದೇ. ಆದರೆ ಕಟ್ಟುವ ರೀತಿ ಬೇರೆ. ಟಿಟಿಯಲ್ಲಿ ಚಾಸಿ, ಅಂದರೆ ಕೆಳಗಿನ ಚೌಕಟ್ಟಿನ, ಮೇಲೆ ಬಾಡಿ ಕೂರುತ್ತದೆ. ಇದರಲ್ಲಿ ಕಾರಿನ ಹಾಗೆ ಬಾಡಿಯೇ ಚಾಸಿ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ, ಮುಂದೆ ಎರಡು ಏರ್‌ಬ್ಯಾಗ್. 2.6 ಲೀಟರಿನ ಡೀಸೆಲ್ ಎಂಜಿನ್, 115 ಎಚ್‌ಪಿ, 350 ಎನ್‌ಎಂ ಟಾರ್ಕ್. 115 ಎಚ್‌ಪಿ ಕಡಿಮೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಯೆಲ್ಲೋ ಬೋರ್ಡ್ ವ್ಯಾನಿಗೆ 80ರ ಸ್ಪೀಡ್ ಗವರ್ನರ್ ಇರುತ್ತದೆ. ಅದಕ್ಕಿಂತ ಜೋರಾಗಿ ಓಡುವ ಶಕ್ತಿ ನಮಗೆ ಯಾಕೆ? ನಮಗೆ ಬೇಕಾದದ್ದು ಘಾಟಿಯಲ್ಲಿ ಎರಡನೇ ಗೇರಿನಲ್ಲಿ ತಿಣುಕದೆ ಎಳೆಯುವ ಶಕ್ತಿ. ಆ 350 ಅನ್ನುವ ಅಂಕಿಯೇ ಮುಖ್ಯ.

ಆದರೆ ಕಾಗದದ ಮೇಲಿನ ಅಂಕಿ ನಂಬಿ ಮೂವತ್ತು ಲಕ್ಷದ ಗಾಡಿ ತರಲು ನನಗೆ ಮನಸ್ಸಾಗಲಿಲ್ಲ. ಡೆಮೊ ಗಾಡಿ ಕೊಟ್ಟರೂ ರಿಂಗ್ ರೋಡಿನಲ್ಲಿ ಎರಡು ಸುತ್ತು ಹಾಕಿಸುತ್ತಾರೆ, ಅದೂ ಡ್ರೈವರ್ ಸೀಟಿನಲ್ಲಿ ಕೂರಿಸಿ. ಡ್ರೈವರ್ ಸೀಟಿನಿಂದ ನೋಡಿದರೆ ಎಲ್ಲ ಗಾಡಿಯೂ ಚೆನ್ನಾಗೇ ಕಾಣುತ್ತದೆ. ಬಾಡಿಗೆ ಕೊಡುವವನು ಕೂರುವುದು ಹಿಂದೆ. ಹಾಗಾಗಿ ನನಗೆ ಪರಿಚಯದ ಇನ್ನೊಬ್ಬ ಟ್ರಾವೆಲ್ಸ್‌ನವರಿಂದ ಅರ್ಬೇನಿಯಾವನ್ನು ಪೂರ್ತಿ ದರ ಕೊಟ್ಟು ಬಾಡಿಗೆಗೆ ತಗೊಂಡೆ. ಮನೆಯವರು, ಅಕ್ಕನ ಮನೆಯವರು, ನನ್ನ ಹಳೆಯ ಡ್ರೈವರ್, ಎಲ್ಲರೂ ಸೇರಿ ಮಡಿಕೇರಿಗೆ ಹೊರಟೆವು. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಮತ್ತೆ ಹತ್ತಿ ಬರುವುದು ಅಂತ ಪ್ಲಾನು. ಯಾರಾದರೂ ಲಕ್ಸುರಿ ವ್ಯಾನ್ ತರುತ್ತಿದ್ದರೆ ನಾನು ಕೊಡುವ ಮೊದಲ ಸಲಹೆ ಇದೇ. ಕೊಳ್ಳುವ ಮುಂಚೆ ಅದೇ ಗಾಡಿಯನ್ನು ಗಿರಾಕಿಯಾಗಿ ಬಾಡಿಗೆಗೆ ತಗೊಳ್ಳಿ. ಆ ದಿನದ ಖರ್ಚು ಗಾಡಿಯ ಬೆಲೆಯ ಮುಂದೆ ಏನೂ ಅಲ್ಲ.

ನಾನು ಕೊನೆಯ ಸಾಲಿನಲ್ಲಿ ಕೂತೆ, ಪಕ್ಕದಲ್ಲಿ ಅಮ್ಮ. ಹುಣಸೂರು ದಾಟುವ ತನಕ ಅಮ್ಮ ಏನೂ ಹೇಳಲಿಲ್ಲ, ಅದೇ ಒಳ್ಳೆಯ ಸುದ್ದಿ. ಟಿಟಿಯ ಕೊನೆಯ ಸಾಲಿನಲ್ಲಿ ಹಂಪ್ ಬಂದರೆ ಎತ್ತಿ ಹಾಕುತ್ತದೆ. ಇಲ್ಲಿ ಕುಲುಕಾಟ ಇತ್ತು, ಎತ್ತಿ ಹಾಕುವುದು ಇರಲಿಲ್ಲ. ಘಾಟಿಯ ತಿರುವಿನಲ್ಲಿ ವಾಲುವುದು ಕಡಿಮೆ. ಅಕ್ಕನ ಮಗಳಿಗೆ ಘಾಟಿ ಅಂದರೆ ವಾಂತಿ. ಅವಳನ್ನು ಮೊದಲು ಮಧ್ಯದಲ್ಲಿ, ಆಮೇಲೆ ಅವಳಿಗೆ ಇಷ್ಟ ಆದ ಹಾಗೆ ಹಿಂದೆ ಕೂರಿಸಿದೆವು. ಸಂಪಾಜೆಗೆ ಇಳಿಯುವ ತನಕ ಚೆನ್ನಾಗಿಯೇ ಇದ್ದಳು. ಇದರ ಕಿಟಕಿ ದೊಡ್ಡದು, ಆದರೆ ತೆರೆಯಲು ಬರುವುದಿಲ್ಲ. ಅಂದಮೇಲೆ ಎಸಿ ಮೇಲೇ ಎಲ್ಲ ಭಾರ. ಮಧ್ಯಾಹ್ನ ಕುಶಾಲನಗರದಲ್ಲಿ ಊಟಕ್ಕೆ ನಿಲ್ಲಿಸಿದಾಗ ಗಾಡಿಯನ್ನು ಬೇಕಂತಲೇ ಬಿಸಿಲಿಗೆ ಬಿಟ್ಟೆವು. ಹೊರಟ ಮೇಲೆ ಕೊನೆಯ ಸಾಲು ತಂಪಾಗಲು ಎಷ್ಟು ಹೊತ್ತು ಬೇಕು ಅಂತ ನೋಡಿದೆ. ಪ್ರತಿ ಸೀಟಿಗೂ ಬೇರೆ ಗಾಳಿಯ ಕಿಂಡಿ ಇರುವುದರಿಂದ ಮುಂದಿನವರಿಗೆ ಚಳಿ, ಹಿಂದಿನವರಿಗೆ ಸೆಕೆ ಅನ್ನುವ ಜಗಳ ಆಗಲಿಲ್ಲ.

ಸಂಪಾಜೆಗೆ ಇಳಿಯುವಾಗಲೂ ವಾಪಸ್ ಹತ್ತುವಾಗಲೂ ನನ್ನ ಡ್ರೈವರ್ ಓಡಿಸಿದ. ಮೇಲೆ ಬಂದು ಇಳಿದವನೇ, "ಅಣ್ಣಾ, ಇಳಿಯೋವಾಗ ಬ್ರೇಕ್ ಮೇಲೆ ನಂಬಿಕೆ ಬಂತು. ಆದರೆ ಉದ್ದ ಜಾಸ್ತಿ, ಹಿಂದೆ ತಗೊಳ್ಳೋವಾಗ ಕ್ಯಾಮೆರಾ ಇಲ್ಲದೆ ಕಷ್ಟ" ಅಂದ. ಅವನ ಮಾತನ್ನು ಬರೆದಿಟ್ಟುಕೊಂಡೆ. ಗಾಡಿ ಆರಿಸುವಾಗ ಓಡಿಸುವವನನ್ನು ಕೇಳದೆ ಇರುವ ಮಾಲೀಕರನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ದಿನಕ್ಕೆ ಹತ್ತು ಗಂಟೆ ಆ ಸೀಟಿನಲ್ಲಿ ಇರುವವನು ಅವನು.

ಇನ್ನು ಸೀಟಿನ ಲೆಕ್ಕ. ಇದು ಗಿರಾಕಿಯ ಆರಾಮಕ್ಕೆ ಮಾತ್ರ ಸೇರಿದ ವಿಷಯ ಅಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಡ್ರೈವರ್ ಬಿಟ್ಟು ಆರು ಜನ ದಾಟಿ ಹನ್ನೆರಡು ಜನದ ತನಕ ಇದ್ದರೆ ಮ್ಯಾಕ್ಸಿ ಕ್ಯಾಬ್. ಹದಿಮೂರಾದರೆ ಆ ಗುಂಪಿನಿಂದ ಹೊರಗೆ. ನಮ್ಮ ಕಡೆ 12+1 ಗಾಡಿ ಇಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣ. ಮೂರು ತಿಂಗಳ ತೆರಿಗೆ, ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಶುಲ್ಕ, ಥರ್ಡ್ ಪಾರ್ಟಿ ವಿಮೆ, ಎಲ್ಲವೂ ಸೀಟು ನೋಡಿಯೇ ನಿಗದಿ. ಸುಮ್ನೆ ಇರಲಿ ಅಂತ ನಾಲ್ಕು ಸೀಟು ಜಾಸ್ತಿ ಹಾಕಿಸಿದರೆ ಅವು ಖಾಲಿ ಇದ್ದರೂ ಅವುಗಳ ದುಡ್ಡು ಕಟ್ಟುತ್ತಲೇ ಇರಬೇಕು. ಬುಕಿಂಗ್ ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ನನ್ನ ಮನಸ್ಸಿನಲ್ಲಿದ್ದ ಪ್ರತಿ ಸೀಟಿನ ಸಂಖ್ಯೆಗೂ ಎಷ್ಟು ಬರುತ್ತದೆ ಅಂತ ಕೇಳಿ ಬರೆದುಕೊಂಡೆ.

ಅರ್ಬೇನಿಯಾ ಮೂರು ಉದ್ದದಲ್ಲಿ ಬರುತ್ತದೆ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 3,350, 3,615 ಮತ್ತು 4,400 ಮಿ.ಮೀ. ಚಿಕ್ಕದು ಊರೊಳಗೆ ಸಲೀಸು. ಆದರೆ ಸೀಟೆಲ್ಲ ತುಂಬಿದರೆ ಏರ್‌ಪೋರ್ಟಿನ ಸೂಟ್‌ಕೇಸುಗಳಿಗೆ ಜಾಗ ಇಲ್ಲ. ಮೇಲೆ ಕ್ಯಾರಿಯರ್ ಹಾಕಿ ಟಾರ್ಪಾಲು ಕಟ್ಟುವುದು ಲಕ್ಸುರಿ ಅಂತ ದರ ತಗೊಳ್ಳುವ ಗಾಡಿಗೆ ಒಪ್ಪುವುದಿಲ್ಲ. ಮಳೆಗಾಲದ ಕೊಡಗಿನಲ್ಲಂತೂ ಬಟ್ಟೆಯೆಲ್ಲ ನೆನೆದು ಹೋಗುತ್ತದೆ. ನಾನು ಆರಿಸಿದ್ದು ಉದ್ದನೆಯ 4,400, ಆದರೆ ಕಂಪನಿಯಿಂದಲೇ ಕಡಿಮೆ ಸೀಟು ಹಾಕಿ ಬರುವ ಮಾದರಿ. ಹಿಂದೆ ಲಗೇಜಿಗೆ ಜಾಗ, ಮುಂದೆ ಕಾಲು ಚಾಚಲು ಜಾಗ. ಸುಮಾರು ಏಳು ಮೀಟರ್ ಉದ್ದದ ಗಾಡಿ ಕಾಫಿ ತೋಟದ ಹೋಂಸ್ಟೇ ದಾರಿಗೆ ಹೋಗುವುದಿಲ್ಲ. ಅದನ್ನು ಪಾರ್ಟಿಗೆ ಮೊದಲೇ ಹೇಳುತ್ತೇನೆ. ಮೇನ್ ರೋಡಿನಿಂದ ಜೀಪು ಮಾಡಿಕೊಡುತ್ತೇನೆ. ಮುಚ್ಚಿಟ್ಟರೆ ರಾತ್ರಿ ಎಂಟಕ್ಕೆ ಕತ್ತಲಲ್ಲಿ ಜಗಳ ಆಗುತ್ತದೆ.

ಕಂಪನಿಯಿಂದಲೇ ಬಂದ ಸೀಟು ಅಂತ ಒತ್ತಿ ಹೇಳಲು ಕಾರಣ ಇದೆ. ಮೂಲ ಸೀಟು ಕಿತ್ತು ಮಹಾರಾಜ ಸೀಟು, ಸೋಫಾ, ಬಣ್ಣದ ಲೈಟು, ದೊಡ್ಡ ಟಿವಿ, ಫ್ರಿಜ್ ಹಾಕಿಕೊಡುವವರು ಇದ್ದಾರೆ. ಅಂಥ ಒಂದು ಕಡೆ ಹೋಗಿ ನೋಡಿದೆ. ಕಣ್ಣಿಗೆ ಹಬ್ಬ. ಆದರೆ ಸೀಟಿನ ಕೆಳಗೆ ಬಗ್ಗಿ ನೋಡಿದಾಗ ವೈರುಗಳನ್ನು ಸೇರಿಸಿ ಬರೀ ಟೇಪು ಸುತ್ತಿದ್ದರು. ಫ್ಯೂಸ್ ಎಲ್ಲಿ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಕಿಟಕಿ ತೆರೆಯದ ಗಾಡಿಯಲ್ಲಿ ಹತ್ತು ಜನ ಮಲಗಿ ಹೋಗುತ್ತಿರುತ್ತಾರೆ. ವೈರಿಂಗಿನಿಂದ ಹೊಗೆ ಎದ್ದರೆ? ನನಗೆ ಅಲ್ಲೇ ಬೇಡ ಅನ್ನಿಸಿತು. ಆರ್‌ಸಿಯಲ್ಲಿರುವ ಸೀಟು ಒಂದು, ಗಾಡಿಯಲ್ಲಿರುವುದು ಇನ್ನೊಂದು ಆದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲೂ ತೊಂದರೆ, ಅಪಘಾತ ಆದಾಗ ವಿಮೆಯಲ್ಲೂ ತೊಂದರೆ. ನಾನು ಸೇರಿಸಿದ್ದು ಕೆಲವೇ ವಸ್ತು: ಹಿಂದಿನ ಕ್ಯಾಮೆರಾ, ಹತ್ತಲು ಒಂದು ಕೈಹಿಡಿ, ಇಳಿಯುವಾಗ ಇಡುವ ಚಿಕ್ಕ ಮೆಟ್ಟಿಲು, ಎರಡು ಬೆಂಕಿ ನಂದಿಸುವ ಸಿಲಿಂಡರ್, ಗಾಜು ಒಡೆಯುವ ಸುತ್ತಿಗೆ. ಹಿರಿಯರಿಗೆ ಸೋಫಾಕ್ಕಿಂತ ಆ ಮೆಟ್ಟಿಲು ಇಷ್ಟ.

ದುಡ್ಡಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಹತ್ತು ಜನ ಮತ್ತು ಅದಕ್ಕಿಂತ ಹೆಚ್ಚು ಜನ ಕೂರುವ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ 25 ಲಕ್ಷ ಅಂದುಕೊಂಡರೂ ಎರಡೂವರೆ ಲಕ್ಷ ಕಡಿಮೆ. ನಾನು ಕಾಯುತ್ತಿದ್ದವನು, ಆಗಲೇ ಬುಕ್ ಮಾಡಿದೆ. ಬಾಡಿಗೆಗೆ ಶೇ. 5 ಜಿಎಸ್‌ಟಿ ಹಾಕಬೇಕೋ, ಶೇ. 18 ಹಾಕಬೇಕೋ ಅನ್ನುವುದನ್ನೂ ಕೊಳ್ಳುವ ಮೊದಲೇ ಆಡಿಟರ್ ಜೊತೆ ಕೂತು ತೀರ್ಮಾನಿಸಿ. 18 ಹಾಕಿದರೆ ಗಾಡಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುತ್ತದೆ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು. 5 ಹಾಕಿದರೆ ಸಿಗುವುದಿಲ್ಲ. ನನ್ನ ಗಿರಾಕಿಗಳು ಹೆಚ್ಚಾಗಿ ಮನೆಮಂದಿ, ಬಿಲ್ಲಿನಲ್ಲಿ 18 ನೋಡಿದರೆ ಎದ್ದು ಹೋಗುತ್ತಾರೆ. ಹಾಗಾಗಿ 5ಕ್ಕೇ ಇದ್ದೇನೆ. ಆದಾಯ ತೆರಿಗೆಯಲ್ಲಿ ಬಾಡಿಗೆಗೆ ಓಡಿಸುವ ಗಾಡಿಗೆ ವರ್ಷಕ್ಕೆ ಶೇ. 30 ಸವಕಳಿ, ಅಂದರೆ ಗಾಡಿ ಸವೆದು ಬೆಲೆ ಇಳಿಯುವ ಲೆಕ್ಕ, ತೋರಿಸಬಹುದು, ಅದೂ ಲೆಕ್ಕದಲ್ಲಿರಲಿ.

ನನ್ನ ಕಂತಿನ ಲೆಕ್ಕ ಹೀಗೆ ಹಾಕಿದೆ. 28 ಲಕ್ಷ ಸಾಲ, ಶೇ. 10 ಬಡ್ಡಿ, 5 ವರ್ಷ ಅಂದರೆ ತಿಂಗಳಿಗೆ ಸುಮಾರು 59,500 ರೂಪಾಯಿ. ಡ್ರೈವರ್ ಸಂಬಳ, ವಿಮೆ, ತೆರಿಗೆ, ಪರ್ಮಿಟ್ ಸೇರಿಸಿದರೆ ಗಾಡಿ ನಿಂತೇ ಇದ್ದರೂ ತಿಂಗಳಿಗೆ ಲಕ್ಷದ ಹತ್ತಿರ. ಕಿಲೋಮೀಟರಿಗೆ 36 ರೂಪಾಯಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಡೀಸೆಲ್ಲಿಗೆ 10, ಟಯರ್ ಮತ್ತು ಸರ್ವಿಸಿಗೆ 4 ತೆಗೆದರೆ 22 ಉಳಿಯಿತು. ಆ ಲಕ್ಷ ಹುಟ್ಟಲು ನಾಲ್ಕೂವರೆ ಸಾವಿರ ಕಿಲೋಮೀಟರ್ ಓಡಬೇಕು. ದಿನಕ್ಕೆ 300 ಕಿ.ಮೀ. ಮಿನಿಮಮ್ ಅಂದರೆ ಹದಿನೈದು ದಿನ. ಅಕ್ಟೋಬರಿನಿಂದ ಮೇ ತನಕ ಇದು ಕಷ್ಟ ಅಲ್ಲ. ಆಷಾಢದಲ್ಲಿ ಕಷ್ಟ. ಮದುವೆ ಇಲ್ಲ, ಘಾಟಿಯಲ್ಲಿ ಮಳೆ. ಅದಕ್ಕೇ ಗಾಡಿ ತರುವ ದಿನವೇ ಮೂರು ಕಂತಿನ ದುಡ್ಡು ಬೇರೆ ಖಾತೆಯಲ್ಲಿ ಇಟ್ಟೆ. ಅದನ್ನು ಇಡಲು ಆಗದಿದ್ದರೆ ಹೊಸ ಟಿಟಿಯೇ ತಗೊಳ್ಳುತ್ತಿದ್ದೆ.

ಡ್ರೈವರ್ ಲೈಸೆನ್ಸಿನ ವಿಷಯದಲ್ಲಿ ಅನುಮಾನ ಇದ್ದವರಿಗೆ: 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ 7,500 ಕೆಜಿ ಒಳಗಿನ ಸಾರಿಗೆ ಗಾಡಿಗಳನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು ಓಡಿಸಬಹುದು. ನಾನು ಮಾತ್ರ ಘಾಟಿಯ ಅನುಭವ ಇಲ್ಲದವರ ಕೈಗೆ ಈ ಗಾಡಿ ಕೊಡುವುದಿಲ್ಲ. ಊಟಿಯಿಂದ ವಾಪಸ್ ಬರುವಾಗ ಬಂಡೀಪುರದ ದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಬೆಳಿಗ್ಗೆ ಆರಕ್ಕೇ ತೆರೆಯುವುದು. ಗೇಟು ಸಿಗಲಿ ಅಂತ ಗೂಡಲೂರು ಘಾಟಿಯಲ್ಲಿ ಅವಸರ ಮಾಡುವವನು ನನಗೆ ಬೇಡ. ಅದಕ್ಕೇ ಊಟಿ ಪಾರ್ಟಿಗೆ ಬುಕಿಂಗ್ ಸಮಯದಲ್ಲೇ ಹೇಳುತ್ತೇನೆ: ಮಧ್ಯಾಹ್ನ ಮೂರಕ್ಕೆ ಊಟಿ ಬಿಡಬೇಕು, ಇಲ್ಲದಿದ್ದರೆ ಅಲ್ಲೇ ಇನ್ನೊಂದು ರಾತ್ರಿ ಉಳಿಯಬೇಕು. ಒಪ್ಪಿದವರಿಗೆ ಮಾತ್ರ ಗಾಡಿ.