ಎಸ್ಪ್ರೆಸ್ಸೊ ಮೆಷಿನ್ ಹಾಕಿದೊಡನೆ ಕರೆಂಟ್ ಹೋಗುತ್ತದೆಯೇ?

ಮೆಷಿನ್ ಬಿಚ್ಚುವ ಮುನ್ನ ಮನೆಯ ಸ್ವಿಚ್‌ಗಳೆಲ್ಲ ಇರುವ ಡಿಬಿ ಬಾಕ್ಸ್ ನೋಡಿ. ಒಂದೊಂದು ಲೈನಿಗಿರುವ ಸಣ್ಣ ಸ್ವಿಚ್, ಅಂದರೆ ಎಂಸಿಬಿ, ಬಿದ್ದಿದ್ದರೆ ಫೇಸ್ ಮತ್ತು ನ್ಯೂಟ್ರಲ್ ಎಲ್ಲೋ ತಾಗಿವೆ, ಇಲ್ಲವೇ ಆ ಲೈನಿಗೆ ಲೋಡ್ ಜಾಸ್ತಿಯಾಗಿದೆ. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಬಿದ್ದಿದ್ದರೆ ಕರೆಂಟ್ ಮೆಷಿನ್ನಿನ ಲೋಹದ ಮೈಗೆ ಸೋರುತ್ತಿದೆ. ಮನೆಗಳಲ್ಲಿ ಇದು ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿಕೆಯೊಳಗೇ ಬೀಳುವಂಥದ್ದು, ಜೀವ ಉಳಿಸುವ ಸ್ವಿಚ್. ಅದು ಬೀಳದಿರಲಿ ಎಂದು ಪ್ಲಗ್ಗಿನ ಅರ್ತಿಂಗ್ ಪಿನ್ ಕಿತ್ತು ಬಳಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೋರಿಕೆ ಅಲ್ಲೇ ಇರುತ್ತದೆ, ಒದ್ದೆ ಕೈಯಲ್ಲಿ ಮೆಷಿನ್ ಮುಟ್ಟಿದವರ ಮೈಮೂಲಕ ನೆಲಕ್ಕಿಳಿಯುತ್ತದೆ.

ಯಾವಾಗ ಬಿತ್ತು ಎಂಬುದರಲ್ಲೇ ಅರ್ಧ ಉತ್ತರವಿದೆ. ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಮೊದಲು ಎಲಿಮೆಂಟ್ (ನೀರು ಕಾಯಿಸುವ ಕಾಯಿಲ್) ಅಥವಾ ಸುಟ್ಟ ವೈರ್ ಅನುಮಾನಿಸಿ. ಬಿಸಿಯಾಗುತ್ತಾ ಬಂದ ಮೇಲೆ ಬಿದ್ದರೆ ಎಲಿಮೆಂಟಿನ ಕವಚದಲ್ಲಿ ಸಣ್ಣ ಬಿರುಕಿರಬಹುದು, ಇಲ್ಲವೇ ಗ್ಯಾಸ್ಕೆಟ್‌ನಿಂದ ಹಬೆ ಸೋರಿ, ವೈರ್ ಸಿಕ್ಕಿಸುವ ಟರ್ಮಿನಲ್ ಒದ್ದೆಯಾಗುತ್ತಿರಬಹುದು. ಕಾಫಿ ಬಟನ್ ಒತ್ತಿದಾಗಲೇ ಬಿದ್ದರೆ ಪಂಪ್ ಕಡೆ, ನೀರಿನ ಪೈಪು ಜಿನುಗುವ ಕಡೆ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದೆ ಇಟ್ಟ ಮೆಷಿನ್ನಾದರೆ ಎಲಿಮೆಂಟಿನೊಳಗಿನ ಪುಡಿ ತೇವ ಹೀರಿರುವ ಸಾಧ್ಯತೆಯೂ ಇದೆ. ಅದನ್ನು ಒಣಗಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ.

ಈಗ ಪ್ಲಗ್ ಕಿತ್ತು, ಟ್ಯಾಂಕ್ ಖಾಲಿ ಮಾಡಿ, ಬಾಯ್ಲರ್ ಪೂರ್ತಿ ತಣ್ಣಗಾಗಲು ಬಿಡಿ. ಮುಚ್ಚಳ ತೆಗೆದ ತಕ್ಷಣ ವೈರುಗಳ ಫೋಟೊ ತೆಗೆದುಕೊಳ್ಳಿ. ಎಲಿಮೆಂಟಿನ ಎರಡೂ ವೈರ್ ಬಿಡಿಸಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆಯಿರಿ. ಲೆಕ್ಕ ಸುಲಭ: 230 ಅನ್ನು 230ರಿಂದ ಗುಣಿಸಿ ವ್ಯಾಟ್‌ನಿಂದ ಭಾಗಿಸಿ. 1050 ವ್ಯಾಟ್ ಎಲಿಮೆಂಟಿಗೆ ಸುಮಾರು 50 ಓಮ್ ಬರಬೇಕು. ಏನೂ ಬರದಿದ್ದರೆ ಎಲಿಮೆಂಟ್ ಕಡಿದಿದೆ. ಆಮೇಲೆ ಮೀಟರಿನ ಒಂದು ಮೊನೆ ಎಲಿಮೆಂಟಿನ ಟರ್ಮಿನಲ್‌ಗೆ, ಇನ್ನೊಂದು ಬಾಯ್ಲರ್ ಲೋಹಕ್ಕೆ ಇಡಿ. ಇಲ್ಲಿ ರೀಡಿಂಗ್ ಬಂದರೆ ಸೋರಿಕೆಯ ಜಾಗ ಸಿಕ್ಕಿತು. ಬರದಿದ್ದ ಮಾತ್ರಕ್ಕೆ ಎಲಿಮೆಂಟ್ ಸರಿಯಿದೆ ಎನ್ನಲಾಗದು. ಮಲ್ಟಿಮೀಟರ್ ಕಡಿಮೆ ವೋಲ್ಟೇಜಿನಲ್ಲಿ ಅಳೆಯುತ್ತದೆ. ಸಣ್ಣ ಸೋರಿಕೆ ತೋರಿಸಲು 500 ವೋಲ್ಟ್ ಹಾಕಿ ಸೋರಿಕೆ ಅಳೆಯುವ ಮೆಗ್ಗರ್ ಎಂಬ ಮೀಟರ್ ಬೇಕು, ಅದು ಎಲೆಕ್ಟ್ರಿಷಿಯನ್ ಬಳಿ ಇರುತ್ತದೆ.

ಕರೆಂಟ್ ಹೋಗುವುದಿಲ್ಲ, ಆದರೆ ನೀರು ಬಿಸಿಯಾಗುವುದಿಲ್ಲ ಎಂದಾದರೆ, ಬಿಸಿ ಅತಿಯಾದಾಗ ಕಡಿದುಹೋಗುವ ಥರ್ಮಲ್ ಫ್ಯೂಸ್ ನೋಡಿ. ತಣ್ಣಗಿರುವಾಗ ಅದು ಸೊನ್ನೆಗೆ ಹತ್ತಿರದ ಓಮ್ ತೋರಿಸಬೇಕು. ಉದಾಹರಣೆಗೆ, ಹಳೆಯ ಗ್ಯಾಗಿಯಾ ಕ್ಲಾಸಿಕ್ ಎಂಬ ಮೆಷಿನ್ನಿನಲ್ಲಿ ಕಾಫಿ ಥರ್ಮೋಸ್ಟಾಟ್ (ಬಿಸಿ ಹಿಡಿತದಲ್ಲಿಡುವ ಸ್ವಿಚ್) 107, ಸ್ಟೀಮ್ ಥರ್ಮೋಸ್ಟಾಟ್ 145, ಫ್ಯೂಸ್ 184 ಡಿಗ್ರಿಯದು. ಒಮ್ಮೆ ಹೋದ ಫ್ಯೂಸ್ ಮತ್ತೆ ಕೂಡುವುದಿಲ್ಲ. ಅದೇ ಡಿಗ್ರಿಯದನ್ನೇ ತಂದು ಕ್ರಿಂಪ್ ಮಾಡಿ, ಅಂದರೆ ಲೋಹದ ತೋಳಿನಲ್ಲಿ ಅದುಮಿ ಜೋಡಿಸಿ. ಸೋಲ್ಡರಿಂಗ್ ಬಿಸಿಗೆ ಹೊಸದೂ ಹೋಗಿಬಿಡುತ್ತದೆ. ವೈರ್ ತುಂಡಿನಿಂದ ಜೋಡಿಸುವುದಂತೂ ಬೆಂಕಿಯನ್ನು ಕರೆದಂತೆ. ಅದು ಏಕೆ ಹೋಯಿತು ಎಂದೂ ಹುಡುಕಬೇಕು. ಬಾಯ್ಲರ್ ನೀರಿಲ್ಲದೆ ಕಾಯ್ದಿರಬಹುದು, ಥರ್ಮೋಸ್ಟಾಟ್ ಒಳಗೆ ಅಂಟಿಕೊಂಡಿರಬಹುದು.

ಪಂಪ್ ಗುಂಯ್‌ಗುಟ್ಟುತ್ತಿದ್ದೂ ನೀರು ಬರದಿದ್ದರೆ ತೊಂದರೆ ಬಹುತೇಕ ಗಾಳಿಯದ್ದು ಅಥವಾ ಗಡಸು ನೀರಿನಿಂದ ಒಳಗೆ ಕಟ್ಟಿದ ಉಪ್ಪಿನದ್ದು. ಸದ್ದೇ ಇಲ್ಲದಿದ್ದರೆ ವೈರು, ಸ್ವಿಚ್, ಪಂಪಿನ ಥರ್ಮಲ್ ಕಟ್‌ಆಫ್ ನೋಡಿ. ಉಲ್ಕಾ ಕಂಪನಿಯ ಮಾದರಿಯ ಪಂಪಿನೊಳಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುವುದರಿಂದ ಮೀಟರ್ ಮೊನೆ ತಿರುಗಿಸಿದಾಗ ರೀಡಿಂಗ್ ಬದಲಾದರೆ ಗಾಬರಿ ಬೇಡ.

ಡಿಜಿಟಲ್ ಡಿಸ್‌ಪ್ಲೇ ಇರುವ ಮೆಷಿನ್ನಿನ ಬೋರ್ಡಿಗೆ ಕೈ ಹಾಕಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ರಿಪೇರಿಗೆ ಕೊಡುವಾಗ ಯಾವ ಸ್ವಿಚ್ ಬಿತ್ತು, ಯಾವ ಹೊತ್ತಿನಲ್ಲಿ ಬಿತ್ತು, ಎಷ್ಟು ಓಮ್ ಬಂತು ಎಂದು ಚೀಟಿಯಲ್ಲಿ ಬರೆದು ಮೆಷಿನ್ನಿಗೆ ಅಂಟಿಸಿ ಕೊಡಿ.