ಜೀರೋ ಬಲ್ಬು ಉಳಿಸಿದ ಕಾಲು ಹಾರ್ಮೋನಿಯಂ: ನನ್ನ ಅನುಭವ

ತೀರ್ಥಹಳ್ಳಿ, ಆಗುಂಬೆ ಕಡೆಯ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕಾಲು ಹಾರ್ಮೋನಿಯಂ, ಅಂದರೆ ಕಾಲಿನಿಂದ ತುಳಿದು ಗಾಳಿ ತುಂಬುವ ಹಾರ್ಮೋನಿಯಂ, ಇಟ್ಟುಕೊಳ್ಳುವುದೇ ದಂಡ, ಕೀಬೋರ್ಡ್ ತಗೊಳ್ಳಿ ಎಂದವರೇ ಹೆಚ್ಚು. ಜೂನ್ ಬಂದರೆ ಒತ್ತಿದ ಮನೆ (ಕೀ) ಮೇಲೇಳುವುದಿಲ್ಲ, ಯಾವುದೋ ಒಂದು ಸ್ವರ ಕೈಬಿಟ್ಟರೂ ಕೂಗುತ್ತಲೇ ಇರುತ್ತದೆ. ಆಗಸ್ಟ್ 30ಕ್ಕೆ ಮೊಂತಿ ಹಬ್ಬದ (ಮೇರಿ ಮಾತೆಯ ಹುಟ್ಟುಹಬ್ಬದ) ನೊವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾಗುವ ಹೊತ್ತಿಗೆ ಗಾಳಿಯ ತಿದಿ ಸೋರಿ ಕಾಲು ಸೋಲುತ್ತದೆ. ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ ನಾಲ್ಕೈದು ಮಳೆಗಾಲ ದಾಟಿಸಿದ ಮೇಲೆ, ಆಗ ನಕ್ಕವರೇ ಈಗ ಎಷ್ಟು ವ್ಯಾಟ್ ಎಂದು ವಿಚಾರಿಸುತ್ತಿದ್ದಾರೆ.

15 ವ್ಯಾಟ್, ತಂತಿ ಕಾಯುವ ಹಳೇ ಜೀರೋ ಬಲ್ಬೇ ಬೇಕು. ಎಲ್‌ಇಡಿಗೆ ಕಾವು ಸಾಲದು. 40 ವ್ಯಾಟ್ ಹಾಕಿದರೆ ಮರ ಬಿರುಕು ಬಿಡುತ್ತದೆ, ಅಂಟೂ ಬಿಡುತ್ತದೆ. ಹಿಂಬದಿ ಹಲಗೆ ಬಿಚ್ಚಿ, ತಳದಲ್ಲಿ ಪಿಂಗಾಣಿ ಹೋಲ್ಡರ್ ಕೂರಿಸಿ. ತಿದಿಯ ಬಟ್ಟೆಗೆ ಒಂದು ಗೇಣಾದರೂ ಅಂತರವಿರಲಿ. ಬಲ್ಬಿನ ಮೇಲೆ ಅಡ್ಡವಾಗಿ ತಗಡಿನ ತುಂಡು ಹಾಕಿದರೆ ಕಾವು ನೇರ ರೀಡಿಗೆ (ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗೆ) ಹೊಡೆಯದೆ ಪೆಟ್ಟಿಗೆಯಲ್ಲೆಲ್ಲ ಹರಡುತ್ತದೆ. ತೇವದ ಮೀಟರ್ ಒಂದನ್ನು ಒಳಗಿಡಿ, 400 ರೂಪಾಯಿಯ ಆಸುಪಾಸು. ಹೊರಗೆ ತೇವ ಶೇಕಡಾ 90 ದಾಟಿದಾಗಲೂ ಒಳಗೆ 60–65 ನಿಂತರೆ ಸಾಕು. 50ಕ್ಕಿಂತ ಇಳಿದರೆ ಆರಿಸಿಬಿಡಿ. ಹಗಲೂ ರಾತ್ರಿ ಉರಿದರೂ ತಿಂಗಳಿಗೆ 11 ಯೂನಿಟ್, ಅಂದರೆ ನೂರು ರೂಪಾಯಿಯ ಒಳಗೇ. ರಿಪೇರಿಯವರನ್ನು ಬೆಂಗಳೂರಿನಿಂದ ಕರೆಸಿದರೆ ಬಸ್ ಚಾರ್ಜು, ಊಟ ಸೇರಿ ಒಂದೇ ಸಲಕ್ಕೆ ಐದಾರು ಸಾವಿರ.

ಬೇರೆ ಮದ್ದುಗಳನ್ನೂ ನೋಡಿದ್ದಾಯಿತು. ಉಪ್ಪಿನ ಗಂಟು ತೇವ ಹೀರಿ ತಾನೇ ನೀರಾಗುತ್ತದೆ, ಆ ನೀರು ತಾಗಿದ ಕಡೆ ಹಿತ್ತಾಳೆ ಹಸಿರಾಗುತ್ತದೆ. ಇದ್ದಿಲು ವಾಸನೆ ಎಳೆಯಿತೇ ಹೊರತು ಮೀಟರಿನ ಮುಳ್ಳು ಅಲುಗಲಿಲ್ಲ. ಸಿಲಿಕಾ ಜೆಲ್ ಒಳ್ಳೆಯದೇ, ಆದರೆ ನಮ್ಮ ಆಷಾಢಕ್ಕೆ ಅರ್ಧ ಕಿಲೋ ಎರಡೇ ದಿನಕ್ಕೆ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. ಕರೆಂಟ್ ಹೋದಾಗಿನ ಆಪತ್ತಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಹುರಿದರೆ ಮತ್ತೆ ನೀಲಿ.

ರೀಡಿನ ತಂಟೆಗೆ ಮೊದಲೇ ಹೋಗಬೇಡಿ. ಮಳೆಗಾಲದ ದೂರುಗಳಲ್ಲಿ ಮುಕ್ಕಾಲು ಪಾಲು ಉಬ್ಬಿದ ಮರ ಮತ್ತು ಫೆಲ್ಟಿನದು. ಕೂಗುವ ಸ್ವರಕ್ಕೆ ಕಾರಣ ಸಾಮಾನ್ಯವಾಗಿ ಮನೆಯ ಕೆಳಗೆ ಗಾಳಿ ತಡೆಯುವ ಮುಚ್ಚಳದ ಚರ್ಮಕ್ಕೆ ಹಿಡಿದ ಬೂಸು, ಇಲ್ಲವೇ ಸಡಿಲ ಸ್ಪ್ರಿಂಗು. ಮೂಕಾದ ರೀಡಿನಲ್ಲಿ ಸಿಕ್ಕಿರುವುದು ಕಸದ ಎಳೆ. ತೆಳು ಕಾಗದ ತೂರಿಸಿ ಎಳೆದರೆ ಬಾಯಿ ಬಿಡುತ್ತದೆ. ಹುಣಸೆಹಣ್ಣು ಹಚ್ಚಿ ಹೊಳಪು ಬರಿಸುವ ಚಟ ಕೆಲವರಿಗಿದೆ. ಹುಳಿ ರಿವೆಟ್ಟಿನ ಸಂದಿಯಲ್ಲಿ ಕೂತು ತಿನ್ನುತ್ತದೆ, ಶ್ರುತಿಯೂ ಕದಲುತ್ತದೆ. ಶ್ರುತಿ ಸರಿಪಡಿಸಲು ಕೆರೆಯಲೇಬೇಕಾದರೆ ರೀಡಿನ ನಾಲಿಗೆಯ ಕೆಳಗೆ ತೆಳು ಬ್ಲೇಡು ಕೊಟ್ಟು, ತುದಿಯಲ್ಲಿ ಕೆರೆದರೆ ಶ್ರುತಿ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎರಡು ಗೀರು, ಜಾಗಕ್ಕೆ ಹಾಕು, ಶ್ರುತಿ ತೋರಿಸುವ ಆ್ಯಪಿನಲ್ಲಿ ನೋಡು, ಮತ್ತೆ ಎರಡು ಗೀರು. ಬುಡ ತೆಳುವಾದ ರೀಡು ಕ್ರಿಸ್‌ಮಸ್ ಹಿಂದಿನ ರಾತ್ರಿಯೇ ಮುರಿಯುತ್ತದೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ತಿದಿಯ ಸೋರಿಕೆ ಗೊತ್ತಾಗಬೇಕೆಂದರೆ ತಿದಿ ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಎಣಿಸುತ್ತ ಕೂರಿ. 20 ದಾಟುವ ಮೊದಲೇ ಸತ್ತರೆ ಮಡಿಕೆಯ ಮೂಲೆ ಹರಿದಿದೆ. ಹಳೇ ಕೊಡೆ ಬಟ್ಟೆಯ ಪಟ್ಟಿ ಬರಕತ್ತಾಗಲಿಲ್ಲ, ಮಡಿಸಿದಲ್ಲಿ ಗಾಳಿ ನುಸುಳುತ್ತದೆ. ರಬ್ಬರು ಬಳಿದ ಬಟ್ಟೆಯೇ ಆಗಬೇಕು, ಒಂದು ಮೀಟರ್ ತಂದರೆ ವರ್ಷಗಟ್ಟಲೆ ಬರುತ್ತದೆ. ಅಂಟಿಗೆ ಬೆರೆಸುವ ಪುಡಿ ಯಾವುದೆಂದು ಮಾತ್ರ ಹೇಳಲಾರೆ, ನಮ್ಮ ಕಸುಬಿಗೂ ಒಂದಿಷ್ಟು ಉಳಿಯಲಿ.

ಇನ್ನು ಕ್ವಯರ್ (ಇಗರ್ಜಿಯ ಹಾಡುವ ತಂಡದ) ವಿಷಯ. ಹಳೇ ಪೆಟ್ಟಿಗೆಗಳು 440 ಹರ್ಟ್ಸ್‌ಗೆ (ಈಗಿನ ವಾದ್ಯಗಳ ‘ಎ’ ಸ್ವರದ ಸಾಮಾನ್ಯ ಶ್ರುತಿ) ಇರುವುದು ಅಪರೂಪ, ನಮ್ಮದು 446ರ ಹತ್ತಿರ. ಅದನ್ನು 440ಕ್ಕೆ ತರಲು ಅಷ್ಟೂ ರೀಡು ಕೆರೆಯುವುದು ಹುಚ್ಚು. ಕೀಬೋರ್ಡಿನ ಟ್ಯೂನಿಂಗ್ ಮೆನುವಿಗೆ ಹೋಗಿ ಅದನ್ನೇ 446ಕ್ಕೆ ಏರಿಸಿ. ಗಿಟಾರು, ಪಿಟೀಲಿನವರು ಹಾರ್ಮೋನಿಯಂ ಕೇಳಿಯೇ ಶ್ರುತಿ ಮಾಡಿಕೊಳ್ಳಲಿ. ಕೊಳಲಿನವರಿದ್ದರೆ ಹಾರ್ಮೋನಿಯಂ ಮುಚ್ಚಿ, ಕೀಬೋರ್ಡನ್ನು ಕೊಳಲಿಗೆ ಹೊಂದಿಸಿ.

ಕಾಲುಮಣೆಯ ಬಾಯಿಗೆ ಇಲಿ ನುಗ್ಗದಂತೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಯಿರಿ. ಬಲ್ಬಿನ ಕಾವು ಇಲಿಗೂ ಇಷ್ಟವೇ, ವೈರು ಕಡಿದರೆ ಬೆಂಕಿಯ ಭಯ. ಜೀರೋ ಬಲ್ಬು ಈಗ ಎಲ್ಲ ಅಂಗಡಿಯಲ್ಲೂ ಇಡುತ್ತಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಕಂಡರೆ ಅರ್ಧ ಡಜನ್ ತಂದಿಡಿ.