ಭಾಷಣ ತೆಗೆದೆ, ರಾಯಣ್ಣ ಎದ್ದು ನಿಂತ

ಹರೆಯದ ನಾಯಕ ಭಾಷಣ ಬಿಗಿಯದಿದ್ದರೆ ಐತಿಹಾಸಿಕ ಕಾದಂಬರಿ ಓಡಲ್ಲ ಅಂತ ನನಗೆ ಹೇಳದವರಿಲ್ಲ. ಹೈಸ್ಕೂಲ್ ಮಕ್ಕಳಿಗೆಂದು ಬರೆದ ನನ್ನ ಸಂಗೊಳ್ಳಿ ರಾಯಣ್ಣನ ಬಾಯಲ್ಲಿ ಎರಡು ಸಾಲಿಗಿಂತ ಉದ್ದದ ಮಾತು ಒಂದೂ ಇಲ್ಲ. ಸಾವಿರ ಪ್ರತಿ ಖರ್ಚಾಗಿ ಈಗ ಎರಡನೇ ಮುದ್ರಣ ನಡೆಯುತ್ತಿದೆ.

ಮೊದಲಿನ ಕರಡುಗಳಲ್ಲಿ ಭಾಷಣ ಬೇಕಾದಷ್ಟಿತ್ತು. 1824ರ ಕಿತ್ತೂರು ಯುದ್ಧದಲ್ಲಿ ಒಂದು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಾಗ ಇನ್ನೊಂದು. ಶಾಲೆಗಳಲ್ಲಿ ಓದಿ ತೋರಿಸಿದೆ. ಮುಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು, ಹಿಂದಿನ ಬೆಂಚಿನವರು ಕಿಟಕಿ ನೋಡಿದರು. ನನಗೆ ಬೇಕಾಗಿದ್ದು ಹಿಂದಿನ ಬೆಂಚು.

ಅವರನ್ನು ಹಿಡಿದು ಕೂರಿಸಿದ್ದು ಬೀಡಿ ಎಂಬ ಊರಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯ ದೃಶ್ಯ. 1830ರಲ್ಲಿ ರಾಯಣ್ಣನ ಪಡೆ ಅದಕ್ಕೆ ಬೆಂಕಿಯಿಟ್ಟಿತು. ಒಳಗೆ ಏನಾಯಿತು ಅನ್ನುವುದನ್ನು ನಾನು ಕಟ್ಟಿದೆ. ಪಂಜು ಹಿಡಿದ ಹುಡುಗರು ಖಜಾನೆ ಪೆಟ್ಟಿಗೆಯತ್ತ ಓಡುತ್ತಾರೆ. ರಾಯಣ್ಣ ಮೂಲೆಯಲ್ಲಿ ಕಾಗದಪತ್ರ ಕಟ್ಟಿಟ್ಟ ಕೆಂಪು ಬಟ್ಟೆಯ ಗಂಟುಗಳನ್ನು ಕಾಲಿನಿಂದ ಸರಿಸಿ, "ರೊಕ್ಕ ಹಿಂದಾಗಡೆ. ಮೊದಲ ದಫ್ತರಕ್ಕ ಹಚ್ರಿ" ಅನ್ನುತ್ತಾನೆ. ಅಷ್ಟೇ. ಶೇತಸನದಿಗಳ, ಅಂದರೆ ಚಾಕರಿಗೆ ಪ್ರತಿಯಾಗಿ ಹೊಲ ಪಡೆದವರ, ಹೊಲ ಕೈತಪ್ಪುತ್ತಿದ್ದದ್ದು ಅಂಥ ಕಾಗದಗಳಲ್ಲೇ ಅಲ್ವಾ? ಅವನೂ ಶೇತಸನದಿ. ಜನರ ನೋವು ಯಾವ ಗಂಟಿನಲ್ಲಿದೆ ಅಂತ ಗೊತ್ತಿರುವವನೇ ನಾಯಕ. ಅದನ್ನು ನಾನು ಎಲ್ಲೂ ಬಿಡಿಸಿ ಬರೆದಿಲ್ಲ. ಹಿಂದಿನ ಬೆಂಚಿನ ಹುಡುಗರೇ ಹೇಳಿದರು.

ಅಲ್ಲಿಂದ ಒಂದೇ ನಿಯಮ ಇಟ್ಟುಕೊಂಡೆ. ಪ್ರತಿ ಅಧ್ಯಾಯದಲ್ಲಿ ಅವನು ಏನನ್ನೋ ಬಿಡಬೇಕು. ಒಮ್ಮೆ ತನ್ನ ಪಾಲಿನ ರೊಟ್ಟಿ, ಒಮ್ಮೆ ಗೆಲ್ಲಬಹುದಾಗಿದ್ದ ಜಗಳ. ಎಲ್ಲಕ್ಕಿಂತ ದೊಡ್ಡದು ಇತಿಹಾಸವೇ ಕೊಟ್ಟದ್ದು: ಅಷ್ಟು ಜನ ಹಿಂದೆ ಬಂದರೂ ಕಿತ್ತೂರಿನ ಗಾದಿಯನ್ನು ಅವನು ತನಗೆ ಕೇಳಲಿಲ್ಲ, ರಾಜಮನೆತನದ ದತ್ತುಮಗ ಶಿವಲಿಂಗಪ್ಪನಿಗೆ ಕೇಳಿದ. ಮೂವತ್ತರ ಆಸುಪಾಸಿನ ಹುಡುಗನಿಗೆ ಇದು ಸಣ್ಣ ಮಾತಲ್ಲ. ಇದನ್ನು ಬಿಟ್ಟು ಕತ್ತಿ ಝಳಪಿಸುವುದನ್ನೇ ಪುಟಗಟ್ಟಲೆ ಬರೆಯುವವರನ್ನು ಕಂಡರೆ ನನಗೆ ಬೇಸರ.

ಈಗ ದುಡ್ಡಿನ ಮಾತು. ಒಬ್ಬ ಪ್ರಕಾಶಕರು ಭಾಷಣ ಸೇರಿಸಿ, ಅರ್ಧ ಖರ್ಚೂ ಕೊಡಿ ಅಂದರು. ನಾನೇ ಅಚ್ಚು ಹಾಕಿಸಿದೆ. ಮುದ್ರಣಕ್ಕೆ ಎಪ್ಪತ್ತು ಸಾವಿರದ ಹತ್ತಿರ, ಮುಖಪುಟದ ಕಲಾವಿದರಿಗೆ ಏಳೆಂಟು ಸಾವಿರ. ಬೆಲೆ 120, ಶಾಲೆಗಳಿಗೆ 90. ಅಂಗಡಿಗಳಿಂದ ಬಾಕಿ ವಸೂಲಿಗೇ ಜಾಸ್ತಿ ಓಡಾಡಿದ್ದು. ಹಾಕಿದ ದುಡ್ಡು ಬರಲು ಒಂದೂವರೆ ವರ್ಷ ಹಿಡಿದಿರಬೇಕು.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಇಡೀ ಪುಸ್ತಕವನ್ನು ಬೆಳಗಾವಿ ಮಾತಿನಲ್ಲಿ ಬರೆದೆ. ಮೈಸೂರು ಕಡೆಯ ಮಕ್ಕಳಿಗೆ ತಡವರಿಕೆಯಾಯಿತು, ಸಂಭಾಷಣೆಗಷ್ಟೇ ಉಳಿಸಿದೆ. ಕಂಪನಿಯ ಗುಮಾಸ್ತನ ಬಾಯಲ್ಲಿ ಒಂದು ಅಧ್ಯಾಯ ಹೇಳಿಸಿದ್ದು ಮಾತ್ರ ಭರ್ಜರಿಯಾಗಿ ಕೂತಿತು. ಅವನ ಭಯದಲ್ಲೇ ರಾಯಣ್ಣ ಎಷ್ಟು ದೊಡ್ಡವನು ಅಂತ ಗೊತ್ತಾಗುತ್ತದೆ.

1831ರ ಜನವರಿಯ ನಂದಗಡದ ಗಲ್ಲನ್ನು ಅವನಿಂದ ಒಂದು ಮಾತೂ ಆಡಿಸದೆ ಹೇಗೆ ಬರೆದೆ ಅಂತ ಬಹಳ ಜನ ಕೇಳುತ್ತಾರೆ. ಆ ಪಟ್ಟನ್ನು ಇಲ್ಲಿ ಬಿಚ್ಚುವುದಿಲ್ಲ. ಮುಂದಿನ ಪುಸ್ತಕಕ್ಕೂ ನನಗೆ ಅದೇ ಬೇಕು.